ಜೋಗುಳಕ್ಕೆ ಇಸ್ತ್ರಿ

ಈಗಿನ ಸಂಗೀತವನ್ನು ಕಾಪಾಡುವ ಹೊಣೆ ನನ್ನದೇ ಎಂದು ತೀರ್ಮಾನಿಸಿದೆ. ಯಾರೂ ಹೊರಿಸಿದ್ದಲ್ಲ, ನಾನಾಗಿಯೇ ತಲೆಯೊಡ್ಡಿ ಹೊತ್ತುಕೊಂಡದ್ದು!

ನೀವೇ ಯಾವುದಾದರೂ ಹೊಸ ಹಾಡು ಹಾಕಿ ನೋಡಿ. ಮೊದಲ ಸಾಲೂ ಜೋರು, ಕೊನೆಯ ಸಾಲೂ ಜೋರು. ಕೊಳಲೂ ನಗಾರಿಯೂ ಹೆಗಲಿಗೆ ಹೆಗಲು ಕೊಟ್ಟು ಕಿರುಚುತ್ತವೆ. ಗುಟ್ಟು ಹೇಳುವ ಸಾಲು ಕೂಡ ಡಂಗುರ ಹೊಡೆದ ಹಾಗೆ ಕೇಳುತ್ತದೆ. ಒಬ್ಬ ತನ್ನ ಹಾಡನ್ನು ಸ್ವಲ್ಪ ಜೋರು ಮಾಡಿದ. ಇನ್ನೊಬ್ಬ ಅವನಿಗಿಂತ ಜೋರು ಮಾಡಿದ. ಹೀಗೆ ಜಿದ್ದಿಗೆ ಬಿದ್ದು ಈಗ ಹಾಡುಗಳೆಲ್ಲ ಚಾವಣಿಗೆ ತಲೆ ತಾಗಿಸಿಕೊಂಡು ನಿಂತಿವೆ. ಇನ್ನು ಮೇಲೇರಲು ಜಾಗವಿಲ್ಲ, ಕೆಳಗಿಳಿಯಲು ಧೈರ್ಯವಿಲ್ಲ! "ಉಪ್ಪಿನ ಡಬ್ಬಿ ಕೊಡು" ಎನ್ನುವುದನ್ನೂ "ಮನೆಗೆ ಬೆಂಕಿ ಬಿತ್ತು" ಎನ್ನುವುದನ್ನೂ ಒಂದೇ ಗಂಟಲಲ್ಲಿ ಕೂಗುವವನ ಜೊತೆ ಯಾರಾದರೂ ಬಾಳ್ವೆ ಮಾಡಲು ಸಾಧ್ಯವೇ?

ನಾನು ಶಾಲೆ ಬಿಟ್ಟವನು. ಬಿಟ್ಟ ಮೇಲೆ ಮಾತಾಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯ ಗೋಡೆಗಳಿಗೆ ಹಳೆಯ ಕಂಬಳಿಗಳನ್ನು ಹೊಡೆದು, ಹಳೆಯ ಕಂಪ್ಯೂಟರಿಗೆ ಒಂದು ಮೈಕು ಸಿಕ್ಕಿಸಿ, ಧ್ವನಿಮುದ್ರಣ ಕೇಂದ್ರವೊಂದನ್ನು ಸ್ಥಾಪಿಸಿದ್ದೆ. ಅಮ್ಮ ಅದನ್ನು "ಕಂಬಳಿ ಗೂಡು" ಎನ್ನುತ್ತಾಳೆ. ಮಹತ್ಕಾರ್ಯಗಳಿಗೆ ಮನೆಯವರು ಇಂಥ ಹೆಸರನ್ನೇ ಇಡುವುದು.

ನನ್ನ ಸಿದ್ಧಾಂತ ಇಷ್ಟೇ: ಈ ಗೂಡಿನಿಂದ ಹೊರಬರುವ ಹಾಡಿನಲ್ಲಿ ಮೆಲ್ಲಗಿರುವುದು ಮೆಲ್ಲಗೇ ಇರುತ್ತದೆ, ಜೋರಿರುವುದು ಜೋರಾಗಿಯೇ ಇರುತ್ತದೆ. ನಡುವಿನ ಮೌನಕ್ಕೆ ಯಾರೂ ಕೈ ಹಚ್ಚುವಂತಿಲ್ಲ!

ಈ ಸಿದ್ಧಾಂತದ ಕೈಗೆ ಮೊದಲು ಸಿಕ್ಕಿದವಳು ನನ್ನ ಅಕ್ಕ, ಪಾಪ.

ಕೆಲಸ ಹುಡುಕಿ ಹುಡುಕಿ ಅಕ್ಕನ ಚಪ್ಪಲಿ ಸವೆದಿತ್ತು. ಅವಳಿಗೆ ಬರುವುದು ಎರಡೇ: ಹಾಡುವುದು ಮತ್ತು ಮಕ್ಕಳನ್ನು ಆಡಿಸುವುದು. ಅಂಗಡಿಯವರಿಗೂ ಕಚೇರಿಯವರಿಗೂ ಎರಡೂ ಬೇಕಿರಲಿಲ್ಲ. ಅಷ್ಟರಲ್ಲಿ ನಮ್ಮ ಬೀದಿಯ ತುದಿಯ ಶಿಶುವಿಹಾರದಲ್ಲಿ ಮಧ್ಯಾಹ್ನ ಮಕ್ಕಳಿಗೆ ಜೋಗುಳ ಹಾಡಿ ಮಲಗಿಸಲು ಒಬ್ಬರು ಬೇಕಾಗಿದ್ದಾರೆ ಎಂದು ತಿಳಿಯಿತು. ಅಕ್ಕ ಹಾರಿಕೊಂಡು ಹೋದಳು. ಶಿಶುವಿಹಾರದ ಮೇಡಂ ಗೇಟಿನಲ್ಲೇ ತಡೆದರು.

"ಒಳಗೆ ಬರಬೇಡಮ್ಮ. ಹೊಸ ಮುಖ ಕಂಡ್ರೆ ಮಕ್ಕಳು ಎದ್ದು ಕೂತುಬಿಡ್ತಾವೆ. ಮೊದಲು ನಿನ್ನ ಧ್ವನಿ ಬರಲಿ. ರೆಕಾರ್ಡ್ ಮಾಡಿ ತಂದುಕೊಡು, ಸ್ಪೀಕರಲ್ಲಿ ಹಾಕ್ತೀನಿ. ಮಕ್ಕಳು ಮಲಗಿದ್ರೆ ಕೆಲಸ ನಿಂದು. ಮಲಗದಿದ್ರೆ ಇನ್ನೊಬ್ಬಳು ಕಾಯ್ತಿದಾಳೆ."

ಅಕ್ಕ ಮನೆಗೆ ಬಂದವಳೇ ನನ್ನ ಎರಡೂ ಕೈ ಹಿಡಿದುಕೊಂಡಳು.

"ಲೋ ಮೌನಿ, ಇದೊಂದು ಕೆಲಸ ಸಿಕ್ಕಿದ್ರೆ ನನಗೆ ಸ್ವರ್ಗ ಸಿಕ್ಕಿದ ಹಾಗೆ. ಚೆನ್ನಾಗಿ ಮಾಡಿಕೊಡ್ತೀಯಾ?"

"ಈ ಊರು ಇಂಥ ಜೋಗುಳ ಕೇಳಿರಬಾರದು, ಹಾಗೆ ಮಾಡ್ತೀನಿ!" ಎಂದೆ.

ಆ ಮಾತು ಮಾತ್ರ ನಿಜವಾಯಿತು.

ಮುದ್ರಣದ ಹೊತ್ತಿಗೆ ಮನೆಯಲ್ಲಿ ನಿಷೇಧಾಜ್ಞೆ ಜಾರಿ ಮಾಡಿದೆ. ಫ್ಯಾನು ಬಂದ್, ಫ್ರಿಜ್ ಬಂದ್, ತೊಟ್ಟಿಕ್ಕುವ ನಲ್ಲಿಯ ಬಾಯಿಗೆ ಬಟ್ಟೆ. ಪೇಪರಿನ ಪುಟ ತಿರುವಬಾರದೆಂದು ಅಪ್ಪನ ಕೈಯಿಂದ ಪೇಪರನ್ನೇ ಕಿತ್ತುಕೊಂಡು, ಅಮ್ಮನ ಜೊತೆ ಅಡುಗೆಮನೆಗೆ ಕಳಿಸಿ ಬಾಗಿಲು ಹಾಕಿದೆ.

"ನಮ್ಮ ಮನೇಲಿ ನಾವೇ ಕಳ್ಳರ ಹಾಗಿರಬೇಕಾ?" ಎಂದರು ಅಪ್ಪ.

"ಉಸಿರಾಡಬಹುದು," ಎಂದೆ, ದೊಡ್ಡ ಮನಸ್ಸು ಮಾಡಿ.

ಅಕ್ಕ ಹಾಡಿದಳು. ಏನು ಹಾಡಿದಳು ಅಂತೀರಿ! ಮೊದಲ ಎರಡು ನುಡಿ ಕಿವಿಯ ಬಳಿ ಹತ್ತಿ ತೇಲಿಸಿದಂತೆ. ಮೂರನೆಯದರಲ್ಲಿ "ಮುಗಿಲೇ, ದಾರಿ ಬಿಡು, ಕಂದನ ಕನಸು ಬರುತಿದೆ" ಎಂದು ಗಂಟಲು ಬಿಚ್ಚಿ ಮೇಲಕ್ಕೇರಿದಳು. ನನ್ನ ಮೈ ಜುಮ್ಮೆಂದಿತು. ಮತ್ತೆ ಮೆಲ್ಲಗಿಳಿದು ಮುಗಿಸಿದಳು. ಮುಗಿದ ಮೇಲೂ ನಾನು ಮುದ್ರಣ ನಿಲ್ಲಿಸಲಿಲ್ಲ. ಹಾಡಿನ ಕೊನೆಗೆ ಒಂದಿಷ್ಟು ಶುದ್ಧ ಮೌನ ಇರಲಿ, ಮಕ್ಕಳು ಅದರೊಳಗೆ ಮೆಲ್ಲಗೆ ಜಾರಲಿ ಎಂದು ಬೆರಳನ್ನು ತುಟಿಯ ಮೇಲಿಟ್ಟು ಅಕ್ಕನನ್ನು ಕೂರಿಸಿಕೊಂಡೇ ಇದ್ದೆ. ಮೌನವನ್ನೂ ಇಷ್ಟು ಶ್ರದ್ಧೆಯಿಂದ ಮುದ್ರಿಸುವವನು ನಾನೊಬ್ಬನೇ ಇರಬೇಕು!

ಮೊದಲ ಪರೀಕ್ಷೆ ಅಪ್ಪನ ಮೇಲೆ. ಚಹಾದ ಲೋಟ ಹಿಡಿದು ನಡುಮನೆಯ ಸ್ಪೀಕರ್ ಎದುರು ಕೂತರು. ನಾನು ಹಾಡು ಹಾಕಿದೆ.

"ಶುರು ಮಾಡೋ."

"ಶುರುವಾಗಿದೆ ಅಪ್ಪ."

"ಎಲ್ಲಿ?"

"ಕಿವಿಗೊಟ್ಟು ಕೇಳಿ. ಅದೇ ಅದರ ಸೊಗಸು."

"ಕೇಳದೇ ಇರೋದು ಎಂಥಾ ಸೊಗಸೋ!" ಎಂದು ಅಪ್ಪ ಎದ್ದು ಗುಂಡಿ ತಿರುಗಿಸಿದರು. ಸ್ವಲ್ಪ ಕೇಳಿತು. ಇನ್ನೂ ತಿರುಗಿಸಿದರು. ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿ, "ಹ್ಞಾಂ, ಈಗ ಸರಿ," ಎಂದು ತೃಪ್ತಿಯಿಂದ ಕೂತು ಲೋಟವನ್ನು ತುಟಿಗಿಟ್ಟರು.

ಆಗ ಬಂತು ಮೂರನೆಯ ನುಡಿ.

"ಮುಗಿಲೇ, ದಾರಿ ಬಿಡು!"

ಮುಗಿಲು ಬಿಟ್ಟಿತೋ ಇಲ್ಲವೋ, ಅಪ್ಪನ ಕೈಯಿಂದ ಲೋಟ ಬಿಟ್ಟುಹೋಯಿತು. ಕಿಟಕಿಯ ಗಾಜು ಝಣಝಣ ಎಂದಿತು. ಕೆಳಗಿನ ಮನೆಯ ನಾಯಿ ಊಳಿಟ್ಟಿತು. ಮೇಲಿನ ಮನೆಯ ಹೊಲಿಗೆಯಾಕೆ ಕೈಯಲ್ಲಿ ಅರ್ಧ ಹೊಲಿದ ತೋಳು ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿಬಂದು, "ಯಾರಿಗೇನಾಯ್ತು?" ಎಂದು ಬಾಗಿಲು ಬಡಿದಳು. ಅಪ್ಪ ಗುಂಡಿ ಹುಡುಕುವ ಗೋಜಿಗೇ ಹೋಗದೆ ವೈರನ್ನೇ ಕಿತ್ತೆಸೆದರು. ಹಾಡು ಅಲ್ಲಿಗೇ ನಿಂತಿತು.

"ಇದು ಮಲಗಿಸೋ ಹಾಡೋ, ಸತ್ತವರನ್ನ ಎಬ್ಬಿಸೋ ಹಾಡೋ?" ಎಂದರು ಅಪ್ಪ, ಅಂಗಿಯ ಮೇಲಿನ ಚಹಾ ಒರೆಸಿಕೊಳ್ಳುತ್ತ.

ಅಕ್ಕನ ಮುಖ ಬಿಳಿಚಿಕೊಂಡಿತ್ತು. "ನಾಳೆ ಮಧ್ಯಾಹ್ನ ಕೊಡಬೇಕು ಕಣೋ! ಎಲ್ಲರ ಹಾಡಿನ ಹಾಗೆ ಒಂದೇ ಸಮ ಮಾಡಿಕೊಡು."

"ಅದು ಸಂಗೀತದ ಕೊಲೆ ಅಕ್ಕ."

"ನನ್ನ ಕೆಲಸದ ಕೊಲೆ ಆದ್ರೆ ಪರವಾಗಿಲ್ವಾ?"

ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ಗೂಡಿಗೆ ಹೋಗಿ ಕಂಪ್ಯೂಟರ್ ಎದುರು ಕೂತೆ.

ಕೊಲೆಯೇ ಮಾಡಬೇಕೆಂದರೆ ಅದನ್ನೂ ಅಚ್ಚುಕಟ್ಟಾಗಿ ಮಾಡಬೇಕಲ್ಲ! ತೆರೆಯ ಮೇಲೆ ಹಾಡು ಬೆಟ್ಟ ಕಣಿವೆಗಳ ಹಾಗೆ ಹರಡಿತ್ತು. ಬೆಟ್ಟಗಳ ನೆತ್ತಿಯನ್ನು ತಟ್ಟಿ ತಗ್ಗಿಸಿದೆ, ಕಣಿವೆಗಳನ್ನು ಜುಟ್ಟು ಹಿಡಿದು ಮೇಲೆತ್ತಿದೆ. ಎಲ್ಲೋ ಒಂದು ಸಣ್ಣ ಸುಕ್ಕು ಉಳಿಯಿತು, ಅದನ್ನೂ ಎಳೆದೆ. ಅಂಗಿಗೆ ಇಸ್ತ್ರಿ ಹಾಕುವವನ ಹಾಗೆ ಮೂಲೆಯಿಂದ ಮೂಲೆಗೆ ತಿದ್ದಿ ತೀಡಿ, ಕೊನೆಗೆ ಇಡೀ ಹಾಡು ಕಾಂಪೌಂಡ್ ಗೋಡೆಯಂತೆ ಮಟ್ಟಸವಾಗಿ ನಿಂತಿತು. ಈ ತುದಿಯಿಂದ ಆ ತುದಿಯವರೆಗೆ ಎಲ್ಲಿಯೂ ತಗ್ಗಿಲ್ಲ, ಎಲ್ಲಿಯೂ ಉಬ್ಬಿಲ್ಲ!

ಆದರೆ ನನಗೂ ಒಂದು ಮಾನ ಎನ್ನುವುದಿದೆ. ಇಂಥ ಗೋಡೆಯನ್ನು ಕಟ್ಟುತ್ತೇನೆ, ಕೇಳುವುದಿಲ್ಲ ಎಂದು ಶಪಥ ಮಾಡಿದ್ದೆ. ಹೆಡ್‌ಫೋನನ್ನು ಮೊಳೆಗೆ ನೇತುಹಾಕಿ, ಎಲ್ಲವನ್ನೂ ಕಣ್ಣಿನಿಂದಲೇ ಮಾಡಿ, ಕಣ್ಣಿನಿಂದಲೇ ಪರೀಕ್ಷಿಸಿ, ಪೆನ್‌ಡ್ರೈವ್‌ಗೆ ತುಂಬಿಸಿದೆ. ಅಡುಗೆಯನ್ನು ರುಚಿ ನೋಡದೆ ಬರೀ ಬಣ್ಣ ನೋಡಿ ಬಡಿಸಿದವನ ಗತಿ ಏನಾಗುತ್ತದೋ ಅದೇ ನನಗೂ ಆಯಿತು.

ಮರುದಿನ ಮಧ್ಯಾಹ್ನ ಅಕ್ಕ ಶಿಶುವಿಹಾರದ ಗೇಟಿನ ಹೊರಗೆ, ನಾನು ಒಳಗೆ.

"ನೀನೂ ಹೊಸ ಮುಖವೇ," ಎಂದು ಮೇಡಂ ನನ್ನನ್ನು ಕಿಟಕಿಯ ಪರದೆಯ ಹಿಂದೆ ಸ್ಪೀಕರಿನ ಪಕ್ಕದಲ್ಲಿ ನಿಲ್ಲಿಸಿದರು. ಯಾರಿಗೂ ಕಾಣದೆ ನಿಲ್ಲುವುದೆಂದರೆ ನನಗೆ ಹಬ್ಬ! ಪರದೆಯ ಸಂದಿನಿಂದ ನೋಡಿದೆ. ಸಾಲಾಗಿ ಪುಟ್ಟ ಪುಟ್ಟ ಹಾಸಿಗೆಗಳು, ಅವುಗಳ ಮೇಲೆ ಮಿಸುಕಾಡುವ ಪುಟ್ಟ ಪುಟ್ಟ ಕಾಲುಗಳು. ಮೇಡಂ ಕುರ್ಚಿಯಲ್ಲಿ ಕೂತು ತಲೆಯಾಡಿಸಿದರು. ನಾನು ಗುಂಡಿ ಒತ್ತಿದೆ.

ಅಕ್ಕನ ಧ್ವನಿ ಒಂದೇ ಸಮ ಹರಿಯಿತು. ಮೆಲ್ಲಗಿನ ಸಾಲೂ ಸ್ಪಷ್ಟ, ಜೋರಿನ ಸಾಲೂ ಹದ. ನನ್ನ ಸಿದ್ಧಾಂತ ಒಳಗೊಳಗೇ ಅಳುತ್ತಿದ್ದರೂ ಅಕ್ಕನಿಗಾಗಿ ಸಮಾಧಾನಪಟ್ಟುಕೊಂಡೆ. ಒಂದೇ ತೊಂದರೆ ಎಂದರೆ ಸಾಲಿನ ನಡುವೆ ಅವಳು ಉಸಿರೆಳೆದುಕೊಂಡದ್ದು ಕೂಡ ಹಾಡಿನಷ್ಟೇ ದೊಡ್ಡದಾಗಿ ಕೇಳಿಸುತ್ತಿತ್ತು. ಪ್ರತಿ ಸಾಲಿಗೊಂದು ಬಿರುಗಾಳಿ!

"ಮಿಸ್, ಈ ಅಕ್ಕಂಗೆ ಮೂಗು ಕಟ್ಟಿದೆಯಾ?" ಎಂದಿತು ಒಂದು ಮಗು.

"ಶ್! ಕಣ್ಣು ಮುಚ್ಚು," ಎಂದರು ಮೇಡಂ.

ಮುಚ್ಚಿತು. ಇನ್ನೊಂದೂ ಮುಚ್ಚಿತು. ಒಂದೊಂದಾಗಿ ರೆಪ್ಪೆಗಳು ಇಳಿಯತೊಡಗಿದವು. ಮೇಡಂ ಪರದೆಯ ಕಡೆ ನೋಡಿ ಮುಗುಳ್ನಕ್ಕರು! ಹಾಡು ಮುಗಿಯಿತು. ಗೆದ್ದೆವು ಎಂದುಕೊಂಡೆ. ಇನ್ನುಳಿದದ್ದು ನನ್ನ ಶುದ್ಧ ಮೌನ ಮಾತ್ರ.

ಮೌನ ಶುರುವಾಯಿತು.

ನಾನು ಮೇಲೆತ್ತಿದ್ದು ಕಣಿವೆಗಳನ್ನಷ್ಟೇ ಅಲ್ಲ, ಆ ಕೊನೆಯ ಮೌನವನ್ನೂ ಕೂಡ! ಮೊದಲು ನಮ್ಮ ಗೋಡೆ ಗಡಿಯಾರ ಸುತ್ತಿಗೆಯಿಂದ ಹೊಡೆದಂತೆ ಢಣ್ ಢಣ್ ಎಂದಿತು. ಆಮೇಲೆ ಅಡುಗೆಮನೆಯ ಬಾಗಿಲ ಹಿಂದಿನ ಪಿಸುಮಾತು, ಅಕ್ಕನ ಹಾಡಿನಷ್ಟೇ ಎತ್ತರದಲ್ಲಿ, ಸ್ಪಷ್ಟವಾಗಿ, ನಿಧಾನವಾಗಿ, ಇಡೀ ಶಿಶುವಿಹಾರದಲ್ಲಿ ಮೊಳಗಿತು.

"ರೀ, ಆ ಶಿಶುವಿಹಾರದ ಮೇಡಂನ ನೋಡಿದೀರಾ?"

ಅಮ್ಮ!

"ಇಲ್ವಲ್ಲ. ಯಾಕೆ?"

ಅಪ್ಪ!

"ಆಕೆ ಇರೋವಾಗ ಜೋಗುಳ ಯಾಕ್ರೀ ಬೇಕು? ಒಂದು ಸಲ ಕಣ್ಣು ಅಗಲ ಮಾಡಿದ್ರೆ ಸಾಕು, ಮಕ್ಕಳು ಹೆದರಿ ತಾವೇ ಮಲಗ್ತವೆ."

ಗುಂಡಿಗೆ ಕೈ ಹಾಕಿದೆ. ಗಾಬರಿಯಲ್ಲಿ ತಿರುಗಿಸಿದ್ದು ಬಲಕ್ಕೆ!

"ಮೆಲ್ಲಗೆ ಮಾತಾಡೇ, ರೆಕಾರ್ಡ್ ಆಗಿಬಿಟ್ಟೀತು," ಎಂದು ಅಪ್ಪ ಗುಡುಗಿದರು.

"ಇಷ್ಟು ಮೆಲ್ಲಗೆ ಹೇಳಿದ್ದು ಯಾರಿಗೆ ಕೇಳುತ್ತೆ, ಬಿಡಿ!" ಎಂದು ಅಮ್ಮ ಬೀದಿಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದಳು.

ವೈರು ಕೀಳಲೆಂದು ಬಗ್ಗಿದವನು ಪರದೆಗೆ ಸುತ್ತಿಕೊಂಡು, ಕಂಬಿ, ಕಿತ್ತುಬಂದ ವೈರು ಸಮೇತ, ಹೊಸ ಮುಖವಾಗಿ, ಹಾಸಿಗೆಗಳ ನಡುವೆ ಬಿದ್ದೆ. ಮಕ್ಕಳೆಲ್ಲ ಚಂಗನೆ ಎದ್ದು ಕೂತವು. ಕೆಲವು ಕೇಕೆ ಹಾಕಿದವು, ಕೆಲವು ಅತ್ತವು. ಒಂದು ಮಗುವಂತೂ ಕುರ್ಚಿಯ ಬಳಿಗೇ ಹೋಗಿ ಕೈಕಟ್ಟಿ ನಿಂತು, "ಮಿಸ್, ಒಂದು ಸಲ ಕಣ್ಣು ಅಗಲ ಮಾಡಿ!" ಎಂದು ಬೇಡಿಕೊಂಡಿತು.

ಮೇಡಂ ಮಾಡಿದರು. ನನ್ನ ಕಡೆ ನೋಡಿ ಮಾಡಿದರು. ಅಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆ ಇರಲಿಲ್ಲ!

ಗೇಟಿನಿಂದ ಅಕ್ಕ ಓಡಿಬಂದಳು. ಕ್ಷಮೆ ಕೇಳಬಹುದು, ನನ್ನ ಕಿವಿ ಹಿಂಡಬಹುದು ಎಂದುಕೊಂಡೆ. ಎರಡೂ ಮಾಡಲಿಲ್ಲ. ಅಳುತ್ತಿದ್ದ ಮಗುವೊಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ನೆಲದ ಮೇಲೆ ಕೂತು ಹಾಡತೊಡಗಿದಳು. ಎಷ್ಟು ಮೆಲ್ಲಗೆ ಎಂದರೆ, ಏನು ಹಾಡುತ್ತಿದ್ದಾಳೆಂದು ಕೇಳಿಸಿಕೊಳ್ಳಲು ಮಕ್ಕಳು ಗಲಾಟೆ ನಿಲ್ಲಿಸಲೇಬೇಕಾಯಿತು. ಹೊರಗೆ ಲಾರಿ ಹೋದಾಗ ಧ್ವನಿಯನ್ನು ಅದರ ಮೇಲಕ್ಕೆತ್ತಿದಳು. ಒಂದು ಮಗು ಆಕಳಿಸಿದಾಗ ಇಳಿಸಿದಳು. ಮೂಲೆಯ ತುಂಟನೊಬ್ಬ ಎದ್ದಾಗ ಅವನ ಕಡೆ ತಿರುಗಿ ಒಂದು ಸಾಲನ್ನು ಸ್ವಲ್ಪ ಗಟ್ಟಿಯಾಗಿ ಹಾಡಿದಳು. ಅವನು ನಾಚಿ ಮಲಗಿದ. "ಮುಗಿಲೇ, ದಾರಿ ಬಿಡು" ಬಂದಾಗ ನಾನು ಕಿವಿ ಮುಚ್ಚಿಕೊಂಡೆ. ಅವಳು ಅದನ್ನು ಮುಗಿಲಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಹಾಡಿದಳು.

ನಾನು ಕಂಪ್ಯೂಟರಿನಲ್ಲಿ ಹೆಣಗಾಡಿ ಮಾಡಿದ್ದನ್ನು ಅವಳು ಮುಖಗಳನ್ನು ನೋಡುತ್ತ ಮಾಡುತ್ತಿದ್ದಳು. ನಾನು ಬಾಯಿ ಬಿಟ್ಟುಕೊಂಡು, ಪರದೆ ಹೊದ್ದುಕೊಂಡು, ಬಿದ್ದಲ್ಲೇ ಕೂತು ಕೇಳಿದೆ.

ಮೇಡಂ ಎದ್ದು ಅವಳ ಪಕ್ಕಕ್ಕೆ ಬಂದು ಬಗ್ಗಿದರು. "ನಿಮ್ಮಮ್ಮನಿಗೆ ಹೇಳು," ಎಂದರು ತಗ್ಗಿದ ದನಿಯಲ್ಲಿ, "ನಾನು ಕಣ್ಣು ಅಗಲ ಮಾಡಿಯೇ ನೋಡಿದೆ. ನಾಳೆಯಿಂದ ನೀನು ಕೆಲಸಕ್ಕೆ ಬಾ. ಆ ಪೆನ್‌ಡ್ರೈವ್ ಮಾತ್ರ ತರಬೇಡ."

ಅಕ್ಕನ ಮುಖ ಅರಳಿತು, ಹಾಡು ನಿಲ್ಲಲಿಲ್ಲ. ನನಗೆ ಕುಣಿಯಬೇಕೆನಿಸಿತು. ಸಂಗೀತ ಗೆದ್ದಿತು, ಏರಿಳಿತ ಗೆದ್ದಿತು, ಕೊನೆಗೂ ನನ್ನ ಸಿದ್ಧಾಂತವೇ ಗೆದ್ದಿತು! ಇದನ್ನು ಎಲ್ಲರಿಗೂ ಗಟ್ಟಿಯಾಗಿ ಸಾರಬೇಕೆಂದು ಒಂದು ಭಾಷಣವನ್ನೇ ಮನಸ್ಸಿನಲ್ಲಿ ಜೋಡಿಸತೊಡಗಿದೆ. ಆಮೇಲೆ ಏನಾಯಿತೋ ನನಗೆ ತಿಳಿಯದು.

ಯಾರೋ ಪುಟ್ಟ ಬೆರಳಿನಿಂದ ನನ್ನ ಮೂಗು ತಿವಿದಾಗ ಎಚ್ಚರವಾಯಿತು. ನನ್ನ ಎದುರು ಒಂದು ಮಗು ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತು. ಅದರ ಹಿಂದೆ ಇಡೀ ಶಿಶುವಿಹಾರ ಎದ್ದು ಕೂತಿತ್ತು. ಅಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಅಣ್ಣಾ," ಎಂದಿತು ಮಗು, "ನೀನು ಮೆಲ್ಲಗೆ ಗೊರಕೆ ಹೊಡೀತಾ ಹೊಡೀತಾ ಇದ್ದಕ್ಕಿದ್ದ ಹಾಗೆ ಜೋರು ಮಾಡ್ತೀಯ. ನಮಗೆಲ್ಲ ಎಚ್ಚರ ಆಗುತ್ತೆ. ಒಂದೇ ಸಮ ಹೊಡಿಯೋಕೆ ಬರಲ್ವಾ ನಿಂಗೆ?"