ಅರವತ್ತೊಂದು ಕಿಲೋ ಸಾಯಬಣ್ಣನ ಪರವಾಗಿ, ಸ್ಟೇಷನ್ನಿನ ತೂಕದ ಯಂತ್ರಕ್ಕೆ

ಮಾನ್ಯರೇ,

ಒಂದನೇ ಪ್ಲ್ಯಾಟ್‌ಫಾರ್ಮಿನ ಚಹಾ ಅಂಗಡಿಯ ಎಡಕ್ಕೆ ಹಗಲಿರುಳು ನಿಂತೇ ಇದ್ದು, ಹತ್ತು ಪೈಸೆಗೆ ತೂಕವನ್ನೂ ಭವಿಷ್ಯವನ್ನೂ ಒಂದೇ ಚೀಟಿಯಲ್ಲಿ ದಯಪಾಲಿಸುವ ತಮಗೆ ಮುಂಬಯಿಯ ಪರೇಲಿನ ಚಾಳಿನಿಂದ ಅಣವೀರಪ್ಪನ ಅನಂತ ನಮಸ್ಕಾರಗಳು. ನಾವೆಲ್ಲ ಕ್ಷೇಮ. ತಮ್ಮ ಗಾಜಿನ ಹಿಂದೆ ತಿರುಗುವ ಚಕ್ರವೂ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ನಮ್ಮ ಮಿಲ್ಲಿನ ಕಬಡ್ಡಿ ತಂಡವನ್ನು ಈ ವರ್ಷ ಆರಿಸುತ್ತಿರುವವರು ತಾವೇ.

ಬರುವ ರವಿವಾರ ಅಂಧೇರಿಯ ಕಾರ್ಖಾನೆಯೊಂದರ ತಂಡದೊಡನೆ ನಮ್ಮ ಫೈನಲ್ ಇದೆ. ಅರವತ್ತು ಕಿಲೋ ಮೀರಿದವರು ಆಡುವಂತಿಲ್ಲ. ಉಳಿದ ಹುಡುಗರೆಲ್ಲ ದೀಪಾವಳಿಗೆ ಮೊದಲೇ ತಮ್ಮ ಮೇಲೆ ಹತ್ತಿ ಇಳಿದರು. ಕಾಂತಪ್ಪನ ಚೀಟಿಯಲ್ಲಿ 'ನಾಯಕತ್ವದ ಯೋಗವಿದೆ' ಎಂದಿದ್ದರಿಂದ ತಂಡದ ಕಾರ್ಯದರ್ಶಿ ಗುರಲಿಂಗಪ್ಪನವರು ಅವನನ್ನೇ ಕ್ಯಾಪ್ಟನ್ ಮಾಡಿದರು. ಕಳೆದ ಪಂದ್ಯದಲ್ಲಿ ದಾಳಿಗೆಂದು ಹೋಗಿ ಎದುರಾಳಿಗಳ ಕ್ಷೇಮ ವಿಚಾರಿಸಿಕೊಂಡು ಬಂದ ಕಾಂತಪ್ಪನಲ್ಲಿ ತಾವು ಕಂಡ ಗುಣ ನಮ್ಮ ಕಣ್ಣಿಗೆ ಬೀಳದಿದ್ದುದು ನಮ್ಮದೇ ದೋಷವೆಂದು ಒಪ್ಪುತ್ತೇನೆ.

ಆದರೆ ನನ್ನ ತಂಗಿ ಹಾಲವ್ವನ ಮಗ ಸಾಯಬಣ್ಣ, ಹಬ್ಬಕ್ಕೆ ಊರಿಗೆ ಹೋಗಿದ್ದವನು, ಮೊನ್ನೆ ಸೋಮವಾರ ಬಂದು ತಮ್ಮ ಮೇಲೆ ನಿಂತರೆ, ತಾವು ಅರವತ್ತೊಂದು ಎಂದುಬಿಟ್ಟಿರಿ. ಅದೇ ಚೀಟಿಯ ಹಿಂದೆ 'ದೊಡ್ಡವರ ಕೃಪೆ ನಿಮ್ಮ ಮೇಲಿದೆ' ಎಂದೂ ಇತ್ತು. ಅಂದು ಸಂಜೆಯೇ ಪಟ್ಟಿಯಲ್ಲಿ ಅವನ ಹೆಸರಿಗೆ ಗೀಟು ಬಿತ್ತು.

ಇವನು ಸಾಮಾನ್ಯ ಆಟಗಾರನಲ್ಲ, ಮಾನ್ಯರೇ. ನಾಲ್ಕು ಜನ ಕಾಲು ಹಿಡಿದರೂ ಆ ನಾಲ್ವರನ್ನೂ ಎಳೆದುಕೊಂಡು ಗೆರೆ ಮುಟ್ಟುವವನು. ಎರಡು ವರ್ಷದಿಂದ ಬದಲಿ ಕೆಲಸಗಾರನಾಗಿ ದಿನಾ ಬೆಳಿಗ್ಗೆ ಮಿಲ್ಲಿನ ಗೇಟಿನಲ್ಲಿ ನಿಂತು, ಯಾರಾದರೂ ರಜೆ ಹಾಕಿದರೆ ಮಾತ್ರ ಒಳಗೆ ಹೋಗುತ್ತಾನೆ. ಫೈನಲ್ ಆಡಿದ ಬದಲಿಯವರನ್ನೆಲ್ಲ ಕಾಯಂ ಮಾಡುತ್ತೇನೆಂದು ಮ್ಯಾನೇಜರ್ ಸಾಹೇಬರು ಎಲ್ಲರೆದುರು ಮಾತು ಕೊಟ್ಟಿದ್ದಾರೆ. ಆ ನೌಕರಿಗೂ ಅವನಿಗೂ ನಡುವೆ ಈಗ ತಮ್ಮ ಒಂದು ಕಿಲೋ ಕೂತಿದೆ.

ಐದು ದಿನದಿಂದ ಹುಡುಗ ಬರೀ ಮಜ್ಜಿಗೆಯ ಮೇಲಿದ್ದಾನೆ. ಕಂಬಳಿ ಹೊದ್ದು ಓಡುತ್ತಾನೆ. ಅವನ ಪ್ಯಾಂಟು ನಿಲ್ಲಲು ಈಗ ಹಗ್ಗ ಬೇಕು. ಆದರೂ ಐದು ದಿನವೂ ತಾವು ಕೊಟ್ಟ ಐದು ಚೀಟಿಯಲ್ಲೂ ಅರವತ್ತೊಂದೇ! ಇಂಥ ಸ್ಥಿರಚಿತ್ತವನ್ನು ನಾನು ಮುಂಬಯಿಯಲ್ಲಿ ಬೇರೆಲ್ಲೂ ಕಂಡಿಲ್ಲ.

ಸಂಶಯ ಬಂದು ಕಡ್ಡಿಯಂಥ ನಾನೇ ಹತ್ತಿದೆ. ಅರವತ್ತೊಂದು. ನನ್ನ ಹೆಂಡತಿ ರುದ್ರವ್ವನನ್ನು ಹತ್ತಿಸಿದೆ. ಎಂಬತ್ತಕ್ಕೆ ಒಂದು ಗುಂಜಿಯೂ ಕಡಿಮೆಯಿಲ್ಲದ ಅವಳೂ ಅರವತ್ತೊಂದು. ಅವಳು ಚೀಟಿಯನ್ನು ಕಣ್ಣಿಗೊತ್ತಿಕೊಂಡು, "ಇದಕ್ಕ ಯಾರರೆ ಸುಳ್ಳಂದ್ರ ನೋಡ್ರಿ ಮತ್ತ! ಮದುವ್ಯಾದಾಗಿಂದ ನನಗ ಖರೇ ಹೇಳಿದ್ದು ಇದೊಂದ" ಎಂದು ಚಾಳಿಗೆಲ್ಲ ಸಕ್ಕರೆ ಹಂಚಿದಳು. ಹೀಗೆ ತಮ್ಮ ವಿರುದ್ಧದ ಸಾಕ್ಷಿ ನನ್ನ ಮನೆಯಲ್ಲೇ ತಮ್ಮ ಪಕ್ಷ ಸೇರಿತು.

ಗುರಲಿಂಗಪ್ಪನವರ ಬಳಿ ಹೋದರೆ, "ಕಾಕಾ, ನೀವು ಹುಡುಗನ ಸೋದರಮಾವ, ನಿಮ್ಮ ಮಾತು ಹ್ಯಾಂಗ ಹಿಡೀಲಿ? ಯಂತ್ರಕ್ಕ ಸೋದರಮಾವ ಇರೂದಿಲ್ರಿ" ಎಂದರು. ಆದ್ದರಿಂದ ನನ್ನ ಮೊದಲ ಬಿನ್ನಹ: ಇಂದಿನಿಂದ ತಾವು ನನ್ನನ್ನು ಸೋದರಮಾವನೆಂದು ಸ್ವೀಕರಿಸಬೇಕು. ಬರುವ ಹಬ್ಬಕ್ಕೆ ಹೊಸ ಅಂಗಿ ನನ್ನ ಜವಾಬ್ದಾರಿ, ಅಳತೆ ಮಾತ್ರ ಕೊಡಿ. ಅದು ಒಪ್ಪಿಗೆಯಾಗದಿದ್ದರೆ ರವಿವಾರ ತಾವೇ ಚಡ್ಡಿ ಹಾಕಿಕೊಂಡು ಆಡಲು ಬರಬೇಕು. ತಮ್ಮನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿರುವುದರಿಂದ ಅಂಧೇರಿಯವರು ಏಳೂ ಜನ ಸೇರಿದರೂ ಎಳೆಯಲಾರರು. ಉಸಿರು ಬಿಡದೆ 'ಕಬಡ್ಡಿ ಕಬಡ್ಡಿ' ಅನ್ನುವ ಅಭ್ಯಾಸವೊಂದನ್ನು ದಯವಿಟ್ಟು ಇವತ್ತಿನಿಂದಲೇ ಶುರು ಮಾಡಿ.

ಈ ಪತ್ರದ ಒಂದು ಪ್ರತಿಯನ್ನು ಕಾರ್ಯದರ್ಶಿಗಳು ಓದಲೆಂದು ಮಿಲ್ಲಿನ ಗೇಟಿಗೂ ಅಂಟಿಸಿದ್ದೇನೆ.

ಎಲ್ಲರನ್ನೂ ಸಮನಾಗಿ ಕಾಣುವ
ತಮ್ಮ ವಿಶ್ವಾಸಿ,
ಅಣವೀರಪ್ಪ

ತಾ.ಕ.: ಶನಿವಾರ ಸಂಜೆ. ಪತ್ರ ಓದಿ ಸಿಟ್ಟಾದ ಗುರಲಿಂಗಪ್ಪನವರು ನನ್ನ ಸುಳ್ಳು ಬಯಲು ಮಾಡಲೆಂದು ಮನೆಯಿಂದ ನಾಲ್ಕು ವರ್ಷದ ಮಗಳು ಸೇವಂತಿಯನ್ನು ತಂದು ತಮ್ಮ ಮೇಲೆ ನಿಲ್ಲಿಸಿದರು. ಕೂಸು ಅರವತ್ತೊಂದು ಕಿಲೋ ತೂಗಿತು. 'ಶೀಘ್ರದಲ್ಲೇ ವಿವಾಹ' ಎಂಬ ಭವಿಷ್ಯ ಬೇರೆ. ಆಮೇಲೆ ಅವರು ಸಾಯಬಣ್ಣನನ್ನು ಮಿಲ್ಲಿನೊಳಗೆ ಕರೆದೊಯ್ದು ಹತ್ತಿಯ ಬೇಲು ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರು. ಹನ್ನೊಂದು ವರ್ಷದಿಂದ ಅದೇ ತಕ್ಕಡಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವ ಗುಮಾಸ್ತರು ಅವರೇ! ಐವತ್ತೇಳು ಬಂತು, ಹೆಸರು ಪಟ್ಟಿಗೆ ಏರಿತು. ಸುದ್ದಿ ಕೇಳಿದ್ದೇ ತಡ, ರುದ್ರವ್ವ ಹುಡುಗನನ್ನು ತಾಟಿನ ಮುಂದೆ ಕೂರಿಸಿ ಎಣ್ಣೆಗಾಯಿ ಬಡಿಸುತ್ತಿದ್ದಾಳೆ, ಈಗ ಎಂಟನೆಯ ರೊಟ್ಟಿ ನಡೆದಿದೆ. ನಾಳೆ ಬೆಳಿಗ್ಗೆ ಮೈದಾನದಲ್ಲಿ ಮತ್ತೊಮ್ಮೆ ತೂಗುತ್ತಾರೆಂದು ಅವಳಿಗೆ ಹೇಳುವ ಧೈರ್ಯ ಚಾಳಿನಲ್ಲಿ ಯಾರಿಗೂ ಇಲ್ಲ.