ಗೌಡರ ಪಿಸ್ತೂಲು, ನಮ್ಮಣ್ಣನ ಸ್ಕ್ರೂ

ನನ್ನ ಅಣ್ಣನ ಮದುವೆ ಮುರಿದವಳು ನಾನು. ಮುರಿದದ್ದಕ್ಕಿಂತ ದೊಡ್ಡ ತಪ್ಪೆಂದರೆ, ಅದನ್ನು ಆತನಿಗೆ ಹೇಳದೆ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಕುಳಿತದ್ದು. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳಿಗೆ ಬರೆಯುವುದು ಕಷ್ಟ. ಆದರೆ ಬಾಯಿಬಿಟ್ಟು ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು!

ಮೊದಲು ಅಣ್ಣನ ಪರಿಚಯ ಮಾಡಿಕೊಡುತ್ತೇನೆ. ಇಲ್ಲದಿದ್ದರೆ ನೀವು ಬೈಗುಳವನ್ನೆಲ್ಲ ನನಗೊಬ್ಬಳಿಗೇ ಮೀಸಲಿಡುತ್ತೀರಿ. ಬಾಗಲಕೋಟೆಯಲ್ಲಿ ದೇವರನ್ನು ನಂಬದವರಿದ್ದರು, ಸರಕಾರವನ್ನು ನಂಬದವರಂತೂ ಓಣಿಗೊಬ್ಬರಿದ್ದರು. ಸ್ಕ್ರೂವನ್ನು ನಂಬದವನು ಮಾತ್ರ ನಮ್ಮಣ್ಣನೊಬ್ಬನೇ.

ಆತ ದಂಡಿನಲ್ಲಿ ಬಂದೂಕು ದುರಸ್ತಿ ಮಾಡುವ ವಿಭಾಗದಲ್ಲಿದ್ದು, ಎಂಬತ್ತರ ದಶಕದ ಮೊದಲಿಗೆ ಊರಿಗೆ ಮರಳಿದ. ಬೇರೆಯವರ ಟ್ರಂಕಿನಲ್ಲಿ ಕಂಬಳಿ, ರಮ್ಮಿನ ಬಾಟಲಿ ಇರುತ್ತಿದ್ದವಂತೆ. ನಮ್ಮಣ್ಣನ ಟ್ರಂಕಿನಲ್ಲಿ ಪಾನಾ, ಕಾನಸು, ಸ್ಕ್ರೂಡ್ರೈವರ್ ಮತ್ತು ಒಂದು ಉಗುರು ಬಣ್ಣದ ಶೀಶೆ! ಅವ್ವ ಹಣೆ ಬಡಿದುಕೊಂಡಳು. ಯಾರದು? ಯಾವ ಊರಿನವಳದು? ಅಣ್ಣ ಶೀಶೆ ತೆರೆದು, ಮಂಚದ ಸ್ಕ್ರೂ ಬಿಗಿ ಮಾಡಿ, ಅದರ ತಲೆಯಿಂದ ಕಟ್ಟಿಗೆಯವರೆಗೆ ಅಡ್ಡಲಾಗಿ ಒಂದು ಕೆಂಪು ಗೆರೆ ಎಳೆದ.

"ಸ್ಕ್ರೂ ಸರದ್ರ ಗೆರಿ ತುಂಡ ಆಗ್ತೈತಿ. ಕಣ್ಣಿಗೆ ಕಾಣ್ತೈತಿ. ಮನಶಾ ಸುಳ್ಳು ಹೇಳಬಹುದು, ಗೆರಿ ಹೇಳಂಗಿಲ್ಲ" ಎಂದ.

ವಾರ ಕಳೆಯುವಷ್ಟರಲ್ಲಿ ಕಂದೀಲು, ಸೈಕಲ್ಲು, ಹೊಲಿಗೆ ಯಂತ್ರ, ಕಡೆಗೆ ಅವ್ವನ ಚಷ್ಮಾದ ಕಿವಿಗೂ ಗೆರೆ ಬಿದ್ದಿತು. ಓಣಿಯ ಹೆಂಗಸರು, "ಏನವಾ, ಚಷ್ಮಾಕ್ಕೂ ಕುಂಕುಮ ಹಚ್ಚಿಯಲ್ಲ?" ಎಂದರೆ ಅವ್ವ, "ನನ್ನ ಮಗನ ಬುದ್ಧಿಗೆ ಹಚ್ಚಬೇಕಾಗಿತ್ತವಾ, ಅದು ಕೈಗೆ ಸಿಗಲಿಲ್ಲ" ಎನ್ನುತ್ತಿದ್ದಳು. ಒಮ್ಮೆ ಕ್ಷೌರಕ್ಕೆ ಕುಳಿತವನು ಅರ್ಧಕ್ಕೇ ಎದ್ದು, "ನಿನ್ನ ಕತ್ರಿ ಅಳ್ಳಾಡಾಕತ್ತೈತಿ, ತಾ ಇಲ್ಲಿ" ಎಂದು ಕಸಿದು ಬಿಗಿ ಮಾಡಿಕೊಟ್ಟ. ಎಷ್ಟು ಬಿಗಿ ಎಂದರೆ, ಕತ್ತರಿ ಮತ್ತೆ ಬಾಯಿ ತೆರೆಯಲಿಲ್ಲ! ಒಂದು ಕಡೆ ದಂಡಿನ ಕ್ಷೌರ, ಇನ್ನೊಂದು ಕಡೆ ಸನ್ಯಾಸಿಯ ಜಡೆ ಹೊತ್ತುಕೊಂಡು ಮನೆಗೆ ಬಂದ.

ಇಂಥವನಿಗೆ ಹೆಣ್ಣು ಕೊಡುವವರು ಯಾರು? ಒಬ್ಬರಿದ್ದರು. ಹುನಗುಂದದ ಕಡೆಯ ಗೌಡರು. ಅವರಲ್ಲಿ ಲೈಸೆನ್ಸಿನ ಪಿಸ್ತೂಲೊಂದಿತ್ತು. ಕಣ್ಣು ಮಂಜಾಗಿ ಅದರ ತುದಿಯ, ಗುರಿ ಹಿಡಿಯುವ ಮಣಿ ಕಾಣುತ್ತಿರಲಿಲ್ಲ. ಮುಂಬಯಿಯ ಬೀಗರು ಪರದೇಶದಿಂದ ಒಂದು ಪುಟ್ಟ ದುರ್ಬೀನು ತರಿಸಿಕೊಟ್ಟಿದ್ದರು. ಒಳಗೆ ಇಣುಕಿದರೆ ಗಾಜಿನಲ್ಲಿ ಒಂದು ಕೆಂಪು ಚುಕ್ಕಿ ತೇಲುತ್ತದೆ. ಚುಕ್ಕಿ ಎಲ್ಲಿಟ್ಟರೆ ಗುಂಡು ಅಲ್ಲಿ. ಆದರೆ ಅದನ್ನು ಪಿಸ್ತೂಲಿನ ಬೆನ್ನ ಮೇಲೆ ಕೂಡಿಸಬೇಕಲ್ಲ! ಅಲ್ಲಿಯ ಕಮ್ಮಾರ ನೋಡಿ ಕೈಮುಗಿದಿದ್ದ.

ನಮ್ಮಣ್ಣ ಹೆಣ್ಣು ನೋಡಲು ಹೋದವನು ಹೆಣ್ಣನ್ನು ಒಂದು ಗಳಿಗೆ ನೋಡಿ, ಪಿಸ್ತೂಲನ್ನು ಇಡೀ ಮಧ್ಯಾಹ್ನ ನೋಡಿದ. ಹುಡುಗಿ ಚಹಾ ಕೊಡುವಾಗ, "ಆ ಸ್ಟೋವಿನ ಕಾಲು ಸಡ್ಲ ಆಗೈತೇನ್ರಿ? ಸಪ್ಪಳ ಬರಾಕತ್ತೈತಿ" ಎಂದು ಕೇಳಿದನಂತೆ. ಆಕೆ, "ಹೌದ್ರಿ, ನಾನೂ ಅದನ್ನ ಅಂದೆ, ಯಾರೂ ಕೇಳಲಿಲ್ಲ" ಎಂದಳಂತೆ. ಇದಕ್ಕಿಂತ ಜೋಡಿ ಕೂಡುವುದು ಎಂದರೇನು ಹೇಳಿ?

ಗೌಡರು ಮೀಸೆ ತಿರುವಿ ನಕ್ಕರು: "ತಮ್ಮಾ, ಸೀತಿಗೆ ಬಿಲ್ಲು ಇಟ್ಟಿದ್ರು. ನಾ ಪಿಸ್ತೂಲ ಇಟ್ಟೇನಿ. ಚುಕ್ಕಿ ಭದ್ರ ಕೂಡಿಸು, ಅಕ್ಷತಾ ಹಾಕಸ್ತೇನಿ. ಬನ್ನಿ ಹಬ್ಬಕ್ಕ ಬಾ."

ಅಳತೆ ತಂದ ಅಣ್ಣ ಮನೆಯಲ್ಲಿ ದುರ್ಬೀನಿಗೆ ತಳವಾಗುವ ಉಕ್ಕಿನ ತಟ್ಟೆಯೊಂದನ್ನು ಕಾನಸಿನಿಂದ ಉಜ್ಜತೊಡಗಿದ. ಪಿಸ್ತೂಲಿನ ಬೆನ್ನಿಗೂ ತಟ್ಟೆಗೂ ನಡುವೆ ಬೀಡಿ ಎಲೆಯೂ ತೂರಬಾರದು. ಸ್ಕ್ರೂ ಗಿಡ್ಡಾದರೆ ಹಿಡಿಯುವುದಿಲ್ಲ, ಉದ್ದಾದರೆ ಒಳಗಿನ ಯಂತ್ರಕ್ಕೆ ತಾಗುತ್ತದೆ. "ಗುಂಡು ಹಾರಿದಾಗ ಪಿಸ್ತೂಲ ಕತ್ತೆಗತೆ ಒದೀತೈತಿ ತಂಗಿ. ತಳ ಗಟ್ಟಿ ಇದ್ರ ಅಷ್ಟ ಚುಕ್ಕಿ ಖರೆ ಹೇಳ್ತೈತಿ." ಕಡೆಗೆ ತಟ್ಟೆ, ಸ್ಕ್ರೂಗಳನ್ನು ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಬಿಳಿ ಅರಿವೆಯ ಮೇಲೆ ಹರವಿದ. ಹುನಗುಂದದಲ್ಲಿ ಸ್ಕ್ರೂ ಸಡಿಲಾಗದಂತೆ ಅರಗಿನ ರಸ ಹಚ್ಚಿ ಕೂಡಿಸುವುದೆಂದು ಲೆಕ್ಕ. ಜಿಡ್ಡಿದ್ದರೆ ಅರಗು ಹಿಡಿಯುವುದಿಲ್ಲ.

"ಯಾರೂ ಮುಟ್ಟಬ್ಯಾಡ್ರಿ. ಕೈ ಬೆವರೂ ಹತ್ತಬಾರ್ದು" ಎಂದು ಹೇಳಿ ಹೊರಗೆ ಹೋದ.

ಅವತ್ತು ಖಂಡೆ ಪೂಜೆ, ಬನ್ನಿ ಹಬ್ಬದ ಹಿಂದಿನ ದಿನ. ಮನೆಯಲ್ಲಿದ್ದ ಕಬ್ಬಿಣವೆಲ್ಲ ತೊಳೆದು, ಎಣ್ಣೆ ಹಚ್ಚಿ, ದೇವರ ಮುಂದಿಡುವುದು ನನ್ನ ಕೆಲಸ. ಕುಡಗೋಲು ಮಿರಮಿರ, ಈಳಿಗೆ ಮಿರಮಿರ, ಹೊಲಿಗೆ ಯಂತ್ರ ಮಿರಮಿರ. ಪಕ್ಕದಲ್ಲಿ ಆ ಸ್ಕ್ರೂಗಳು ಮಾತ್ರ ತಲೆಗೆ ಎಣ್ಣೆ ಕಾಣದ ಅನಾಥ ಕೂಸುಗಳ ಹಾಗೆ ಬಿದ್ದಿವೆ! ಅಣ್ಣನ ಮದುವೆ ಇರುವುದೇ ಅವುಗಳ ಮೇಲೆ. ಅವನ್ನೇ ಒಣಗಿಸಿ ಇಟ್ಟರೆ ದೇವರು ಏನೆಂದಾನು? ಕುಸುಬಿ ಎಣ್ಣೆಯಲ್ಲಿ ಬೆರಳದ್ದಿ ಒಂದೊಂದಕ್ಕೂ ಪ್ರೀತಿಯಿಂದ ತಿಕ್ಕಿದೆ. ಕುಂಕುಮ ಮುಟ್ಟಿಸಿದೆ. ಕೈಮುಗಿದೆ. ಆಮೇಲೆ ಸೆರಗಿನಿಂದ ಒರೆಸಿ ಇದ್ದ ಹಾಗೇ ಇಟ್ಟೆ.

ಮರುದಿನ ಹೊರಡುವ ಗಡಿಬಿಡಿಯಲ್ಲಿ ಅಣ್ಣ ಅರಿವೆ ಗಂಟು ಕಟ್ಟುತ್ತ ಕೇಳಿದ: "ಯಾರೂ ಮುಟ್ಟಿಲ್ಲ ಹೌದಲ್ಲ?"

ಮುಟ್ಟಿದ್ದೇನೆ ಎಂದಿದ್ದರೆ ಮತ್ತೆ ತೊಳೆಯುತ್ತಿದ್ದ. ಬಸ್ಸು ತಪ್ಪುತ್ತಿತ್ತು. ನಾನೂ ಹೊಸ ಸೀರೆ ಉಟ್ಟು ಹೊರಟು ನಿಂತಿದ್ದೆ.

"ಇಲ್ಲ" ಎಂದೆ.

ಹುನಗುಂದದಲ್ಲಿ ಅಣ್ಣ ಪೂಜಾರಿಯ ಭಕ್ತಿಯಿಂದ ಅರಗು ಹಚ್ಚಿ, ಬಿಗಿದು, ಕೆಂಪು ಗೆರೆ ಎಳೆದು, ಒಣಗಲು ಬಿಟ್ಟ. ಸಂಜೆ ಎಲ್ಲರೂ ಹೊಲಕ್ಕೆ ಹೋದೆವು. ಮಣ್ಣಿನ ಒಡ್ಡಿಗೆ ಒಂದು ಹಳೆ ಬುಟ್ಟಿ ಆನಿಸಿದ್ದರು. ಹಿಂದೆ ಹೆಂಗಸರು ದೊಡ್ಡ ಹರಿವಾಣದಲ್ಲಿ ಮಾದಲಿ ಹಿಡಿದು ನಿಂತಿದ್ದರು. ಚುಕ್ಕಿ ಕೂತರೆ ಬಾಯಿ ಸಿಹಿ ಮಾಡಬೇಕಲ್ಲ!

ಮೊದಲ ಗುಂಡು ಬುಟ್ಟಿಯ ನಟ್ಟನಡುವೆ! ಗೌಡರು ಹುಡುಗನಾಗಿಬಿಟ್ಟರು. ಮತ್ತೊಂದು ಹಾರಿಸಿದರು. ಪಕ್ಕದಲ್ಲಿದ್ದ ಅಣ್ಣ ಬಗ್ಗಿ ಸ್ಕ್ರೂ ನೋಡಿದವನೇ ಕೂಗಿದ: "ತಡೀರಿ ಗೌಡ್ರ! ಗೆರಿ ಸರಿದೈತ್ರಿ!"

ಗೌಡರು ತಡೆಯುವ ಸ್ಥಿತಿಯಲ್ಲಿದ್ದರೇ? ಢಂ! ದುರ್ಬೀನು ಕಿತ್ತು ಹಿಂದಕ್ಕೆ ನೆಗೆದು, ಗೌಡರ ರುಮಾಲಿಗೆ ಬಡಿದು, ಅದನ್ನೂ ಕೆಡವಿ, ಮಾದಲಿಯ ಹರಿವಾಣದೊಳಗೆ ಹೋಗಿ ಹೂತುಕೊಂಡಿತು. ಹುಡುಗಿಯ ತಾಯಿ ಅಂಜುತ್ತ ಅಂಜುತ್ತ ಬೆರಳಿನಿಂದ ಕೆದರಿ ನೋಡಿದರೆ, ಬೆಲ್ಲದ ನಡುವೆ ಕೆಂಪು ಚುಕ್ಕಿ ಇನ್ನೂ ಉರಿಯುತ್ತಿತ್ತು!

ನಗು ಬಂದದ್ದು ನನಗೊಬ್ಬಳಿಗೇ. ಅದೂ ಬಹಳ ಹೊತ್ತು ಉಳಿಯಲಿಲ್ಲ.

ಗೌಡರು ಬೋಳುತಲೆ ಸವರಿಕೊಂಡು ಹೇಳಿದರು: "ತಮ್ಮಾ, ಒಂದ ಚುಕ್ಕಿ ಹಿಡದಿಡಾಕ ಆಗಲಿಲ್ಲ ನಿನ್ನ ಕೈಲಿ. ಸಂಸಾರ ಹೆಂಗ ಹಿಡೀತಿ?"

ಅಣ್ಣ ಒಂದೇ ಮಾತು ಅಂದ: "ತಪ್ಪು ನಂದ್ರಿ."

ಗೌಡರ ಮನೆಯಿಂದ ಹೊರಡುವಾಗ ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಆತ ಹೋಗುವುದನ್ನೇ ನೋಡುತ್ತಿದ್ದಳು. ನಾನು ಆಕೆಯ ಮುಖ ನೋಡಲಿಲ್ಲ. ಬಸ್ಸಿನಲ್ಲಿ ಅಣ್ಣ ಜೇಬಿನಿಂದ ಒಂದು ಸ್ಕ್ರೂ ತೆಗೆದು ಮೂಗಿನ ಹತ್ತಿರ ಹಿಡಿದು, ಮತ್ತೆ ಜೇಬಿಗೆ ಹಾಕಿಕೊಂಡ. ನಾನು ಕಿಟಕಿಯಾಚೆಯ ಜೋಳದ ಹೊಲಗಳನ್ನು ಅಷ್ಟು ಆಸಕ್ತಿಯಿಂದ ಯಾವತ್ತೂ ನೋಡಿರಲಿಲ್ಲ.

ಆಕೆಗೆ ಬೇರೆ ಕಡೆ ಲಗ್ನವಾಯಿತು. ನನ್ನನ್ನು ಇಳಕಲ್ಲಿಗೆ ಕೊಟ್ಟರು. ಅಣ್ಣ ಇನ್ನೊಂದು ಹೆಣ್ಣು ನೋಡಲಿಲ್ಲ. ಕೇಳಿದರೆ, "ಜಗತ್ತಿನ್ಯಾಗ ಸಡ್ಲ ಆದ ಸ್ಕ್ರೂ ಭಾಳ ಅದಾವ, ಪುರಸೊತ್ತಿಲ್ಲ" ಎನ್ನುತ್ತಿದ್ದ. ಖಂಡೆ ಪೂಜೆಯ ದಿನ ಮಾತ್ರ ತಪ್ಪದೆ ನನ್ನ ಮನೆಗೆ ಬರುತ್ತಿದ್ದ. ಹೊಸ್ತಿಲು ದಾಟುತ್ತಲೇ ಅದೇ ಪ್ರಶ್ನೆ: "ಯಾವುದರದಾರ ಗೆರಿ ಸರಿದೈತೇನ ತಂಗಿ?" ನನ್ನದೂ ಅದೇ ಉತ್ತರ: "ಇಲ್ಲೋ ಅಣ್ಣಾ." ಆತ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಹ್ಞೂಂ ಎಂದು ಚೀಲ ಬಿಚ್ಚುತ್ತಿದ್ದ.

ಒಂದು ವರ್ಷ ಹಾಗೆ ಬಂದಾಗ ಆತನ ಕಣ್ಣಿಗೂ ಚಷ್ಮಾ ಬಂದಿತ್ತು. ಅದರ ಕಿವಿಗೂ ಕೆಂಪು ಗೆರೆ! ನಾನು ಎಣ್ಣೆ ಬಟ್ಟಲು ಹಿಡಿದು ಈಳಿಗೆ ಮುಗಿಸಿ ಹೊಲಿಗೆ ಯಂತ್ರಕ್ಕೆ ಬಂದೆ. ಆತ ಅದರ ಸ್ಕ್ರೂ ಬಿಚ್ಚಿ ಹರವಿದ್ದ. ನನ್ನ ಬೆರಳು ಅತ್ತ ಹೋಗುತ್ತಲೇ ಅಂಗೈಯಿಂದ ಅವನ್ನು ಮುಚ್ಚಿದ.

"ಇವಕ್ಕಷ್ಟ ಬ್ಯಾಡವಾ" ಎಂದು ನಕ್ಕ. "ನಿನ್ನ ಕುಸುಬಿ ಎಣ್ಣಿ ವಾಸನಿ ಸ್ಕ್ರೂ ಬಿಟ್ಟು ಹೋಗೂದಿಲ್ಲ."

"ನಿನಗ ಗೊತ್ತಿತ್ತಾ?"

"ಬಸ್ಸಿನ್ಯಾಗ ಗೊತ್ತಾತು."

"ಮತ್ತ ಯಾಕ ಬೈಲಿಲ್ಲ?"

"ಬೈದು ಏನ್ ಮಾಡ್ಲಿ? ನೀ ದೇವರಿಗಂತ ಹಚ್ಚೀದಿ." ತಲೆ ಎತ್ತದೆ ಸ್ಕ್ರೂ ಒರೆಸುತ್ತ ಅಂದ, "ಮುಟ್ಟೀನಿ ಅಂತ ನೀನ ಹೇಳ್ತಿ ಅಂತ, ದಾರಿ ನೋಡಿದೆ ಅಷ್ಟ."

ವರ್ಷ ವರ್ಷ ಬಸ್ಸು ಹತ್ತಿ ಬರುತ್ತಿದ್ದದ್ದು ನನ್ನ ಮಂಚ, ಕುರ್ಚಿ ನೋಡಲಿಕ್ಕಲ್ಲ ಎಂದು ಆಗ ತಿಳಿಯಿತು. ಬಟ್ಟಲು ನೆಲಕ್ಕಿಟ್ಟು ಸ್ಕ್ರೂ ಒರೆಸುತ್ತಿದ್ದ ಆತನ ಕೈಯನ್ನು ನನ್ನ ಜಿಡ್ಡು ಕೈಗಳಿಂದಲೇ ಹಿಡಿದುಕೊಂಡೆ.

"ಮುಟ್ಟಿದ್ದೆ ಅಣ್ಣಾ. ಎಣ್ಣಿ ಹಚ್ಚಿದಾಕಿ ನಾನ. ಇಲ್ಲಂತ ಸುಳ್ಳು ಹೇಳಿದಾಕಿನೂ ನಾನ. ನನ್ನ ತಪ್ಪು ನೀ ಹೊತ್ಕೊಂಡಿ. ತಪ್ಪಾತೋ ಅಣ್ಣಾ, ನನ್ನ ಕ್ಷಮಾ ಮಾಡು."