ರೆಕಾರ್ಡಿನ ಎರಡನೆಯ ಮುಖ

ಬೆಳಿಗ್ಗೆ ಒಂಬತ್ತೂವರೆಗೆ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕಾಯುವ ಟ್ಯೂನು ಸತ್ತುಹೋಯಿತು. ಫೋನ್ ಮಾಡಿದವರನ್ನು ‘ಸ್ವಲ್ಪ ಇರಿ’ ಎಂದು ನಿಲ್ಲಿಸಿದಾಗ ಅವರ ಕಿವಿಯಲ್ಲಿ ಕುಂಯ್ ಕುಂಯ್ ಎನ್ನುತ್ತಿದ್ದ ಟ್ಯೂನು ಅದು. ಬಾಲ ತುಳಿಸಿಕೊಂಡ ನಾಯಿಮರಿಯ ಹಾಗೆ ಹನ್ನೊಂದು ವರ್ಷ ಅತ್ತದ್ದು, ಇವತ್ತೇ ಬಾಯಿ ಮುಚ್ಚಬೇಕೆ?

ಮಧ್ಯಾಹ್ನ ಮೂರಕ್ಕೆ ದೊಡ್ಡ ಸಾಹೇಬರು ಬರುವವರಿದ್ದರು. ದೂರಿನ ರಿಜಿಸ್ಟರ್ ನೋಡಿ, ಹಲೋ ಅಕ್ಕನ ಕೆಲಸ ಖಾಯಂ ಮಾಡುವುದೋ ಬೇಡವೋ ಹೇಳುವವರಿದ್ದರು. ಆ ಫೋನ್ ಎತ್ತುವವಳಿಗೆ ಕಚೇರಿಯವರೆಲ್ಲ ಇಟ್ಟ ಹೆಸರು ಹಲೋ ಅಕ್ಕ. ಟ್ಯೂನು ಎಷ್ಟು ವರ್ಷ ಅತ್ತಿತ್ತೋ ಅವಳು ಅಷ್ಟೇ ವರ್ಷದಿಂದ ಹಂಗಾಮಿ. ಖಾಯಂ ಆದರೆ ಹಿಂದಿನ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಸಿಗುತ್ತಿತ್ತು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಅಣ್ಣನ ಮನೆಯಲ್ಲಿ ಹೊಲಿಗೆ ಯಂತ್ರಕ್ಕೂ ಬೀರುವಿಗೂ ನಡುವೆ ಹಾಸಿಗೆ ಬಿಡಿಸುವವಳಿಗೆ ಆ ಚಿಲಕ, ಏಳು ಸಮುದ್ರದಾಚೆಯ ಅರಮನೆಯ ಬಾಗಿಲಿನದ್ದೆಂಬಂತೆ ಕನಸಿನಲ್ಲಿ ಬರುತ್ತಿತ್ತು.

“ಟ್ಯೂನ್ ಇಲ್ದಿದ್ರೆ ಲೈನ್ ಕಟ್ಟಾಯ್ತು ಅಂತ ಬೈತಾರೆ ಅಣ್ಣ. ಏನಾದ್ರೂ ಮಾಡಿ,” ಎಂದಳು ವೈರ್‌ಮನ್‌ಗೆ.

“ಟ್ಯೂನಿನ ಡಬ್ಬಿ ಸುಟ್ಟುಹೋಗಿದೆ. ಹೊಸದು ಬರೋದ್ರೊಳಗೆ ನಾನು ರಿಟೈರ್ ಆಗಿರ್ತೀನಿ. ನಿನ್ನ ಮೊಬೈಲಲ್ಲಿ ಹಾಡೇನಾದ್ರೂ ಇದ್ರೆ ಕೊಡು, ವೈರ್ ಸಿಕ್ಕಿಸಿಬಿಡ್ತೀನಿ.”

ಅವಳ ಮೊಬೈಲಿನಲ್ಲಿ ಇದ್ದದ್ದು ಒಂದೇ ಹಾಡು. ಚಿಕ್ಕವಳಿದ್ದಾಗ ಪಕ್ಕದ ಮನೆಯ ಗೋಡೆಯಾಚೆಯಿಂದ ಒಂದೇ ಸಲ ಕೇಳಿ, ಇಪ್ಪತ್ತೈದು ವರ್ಷ ಮನಸ್ಸಿನಲ್ಲೇ ಹುಡುಕಿದ ಹಾಡು. ಹೋದ ಭಾನುವಾರ ಗುಜರಿ ಅಂಗಡಿಯಲ್ಲಿ ಹಳೆಯ ರೆಕಾರ್ಡೊಂದರ ಹಿಂಬದಿಯಲ್ಲಿ ಸಿಕ್ಕಿತ್ತು. ಯಾವುದೋ ದೂರದೇಶದ ಲ್ಯಾಟಿನ್ ಡಿಸ್ಕೋ ತಂಡ. ಕವರಿನ ಮೇಲೆ ನೆರಿಗೆ ಅಂಗಿಯ ಏಳು ಗಂಡಸರು, ನಡುವೆ ಮೈಕು ಹಿಡಿದ ಒಬ್ಬ ಹೆಂಗಸು. ಮುಂದಿನ ಮುಖದ ತುಂಬ ಗೀರು. ಲೋಕವೆಲ್ಲ ಕುಣಿದು ಕುಣಿದು ಸವೆಸಿತ್ತು. ಹಿಂದಿನ ಮುಖ ಮಾತ್ರ ಮಿರಮಿರ.

“ಅದನ್ನ ಯಾರೂ ತಿರುಗಿಸಿಯೇ ನೋಡಿಲ್ಲಮ್ಮ,” ಎಂದಿದ್ದ ಗುಜರಿಯವನು.

ಅವಳು ತಿರುಗಿಸಿ, ಅಂಗಡಿಯ ಪ್ಲೇಯರಿಗೆ ಹಾಕಿಸಿದಳು. ಬಾಸ್ ಗಿಟಾರು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಮೆತ್ತಗೆ ನಡೆದುಬಂತು. ಡೋಲುಗಳು ಅದರ ಪಕ್ಕೆಗೆ ಕಚಗುಳಿ ಇಟ್ಟವು. ತುತ್ತೂರಿಗಳು ಧಡಾರನೆ ಕಿಟಕಿ ತೆರೆದವು. ಆಮೇಲೆ ಆ ಹೆಂಗಸು, ಯಾರನ್ನೋ ಬಿಟ್ಟು ಬಂದ ದುಃಖವನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ, ನಗುನಗುತ್ತ ಹಾಡಿದಳು. ಅದನ್ನೇ ಮೊಬೈಲಿಗೆ ಹಾಕಿಸಿಕೊಂಡು ಮನೆಯಲ್ಲಿ ಕೇಳಿದ್ದಕ್ಕೆ ಅತ್ತಿಗೆ, “ಅಟ್ಟದಿಂದ ಪಾತ್ರೆ ಬಿತ್ತೇನೇ?” ಎಂದಿದ್ದಳು.

ವೈರ್‌ಮನ್ ಮೊಬೈಲನ್ನು ಡಬ್ಬಿಯೊಳಗಿಟ್ಟು ಸ್ಕ್ರೂ ತಿರುಗಿಸಿದ. “ಸಂಜೆ ಬಿಚ್ಚಿ ಕೊಡ್ತೀನಿ.”

ಮೊದಲ ಫೋನ್ ನಿವೃತ್ತ ಹೆಡ್‌ಮಾಸ್ಟರದು. ಒಡೆದ ಪೈಪಿನ ಬಗ್ಗೆ ದಿನಕ್ಕೆರಡು ಸಲ ಬೈಯುವವರು. ಅವರನ್ನು ನಿಲ್ಲಿಸಿ, ಮೇಲಿನ ಇಂಜಿನಿಯರನ್ನು ಕೇಳಿ ಬರುವಷ್ಟರಲ್ಲಿ ಮೂರು ನಿಮಿಷ ಆಗಿತ್ತು.

“ಸಾರಿ ಸರ್, ಕಾಯಿಸಿಬಿಟ್ಟೆ. ನಿಮ್ಮ ಪೈಪು—”

“ಪೈಪ್ ಎಲ್ಲಿಗೂ ಓಡಿಹೋಗಲ್ಲ. ಇಷ್ಟು ಬೇಗ ಯಾಕಮ್ಮ ಬಂದೆ? ಆ ಹೆಂಗಸು ಈಗಷ್ಟೇ ಶುರು ಮಾಡಿದ್ಲು. ವಾಪಸ್ ಹೋಗು.”

ಹಲೋ ಅಕ್ಕನ ಎದೆ ಹೂವಾಯಿತು. ತನ್ನೊಬ್ಬಳ ಕಿವಿಗೆ ಬಿದ್ದ ಹಾಡು ಇನ್ನೊಂದು ಕಿವಿಗೂ ಬಿತ್ತಲ್ಲ.

ಹನ್ನೊಂದರ ಹೊತ್ತಿಗೆ ಊರಿಗೆ ಊರೇ ಫೋನಿಗೆ ಜೋತುಬಿದ್ದಿತ್ತು. ನಾಲ್ಕು ದಿನದಿಂದ ನೀರು ಕಾಣದವರು, ನಲ್ಲಿ ಧೋ ಎಂದು ಸುರಿಯುವ ಮನೆಯವರು, ಎಲ್ಲರೂ. “ದೂರು ಹೇಳಿ” ಎಂದರೆ “ಏನೂ ಇಲ್ಲ, ಹೋಲ್ಡ್ ಮಾಡಿ” ಎನ್ನುವರು. ಒಬ್ಬ ಅಜ್ಜಿ, “ಸೊಸೆ ಬಟ್ಟೆ ಒಣಗಿಸ್ತಿದ್ದಾಳೆ, ಅವಳು ಬರೋ ತನಕ ತುತ್ತೂರಿ ಊದಿಸ್ಬೇಡ,” ಎಂದಳು.

ಡಬ್ಬಿಯಿಂದ ಹೊರಗೂ ಸಣ್ಣಗೆ ಕೇಳುತ್ತಿದ್ದ ಹಾಡಿಗೆ ಪಕ್ಕದ ಮೇಜಿನ ಟಪಾಲು ಗುಮಾಸ್ತ ಕನ್ನಡಕ ಮೂಗಿನ ತುದಿಗೆ ಇಳಿಸಿದ. “ಅದರ ಅರ್ಥ ಏನು?”

“ಗೊತ್ತಿಲ್ಲ.”

“ಗೊತ್ತಿಲ್ದೆ ಇಡೀ ಊರಿಗೆ ಕೇಳಿಸ್ತಿದ್ದೀಯ? ಬೈಗುಳ ಇದ್ರೆ? ಸರ್ಕಾರವೇ ಬೈದ ಹಾಗಾಗುತ್ತೆ.”

“ಬೈದ್ರೆ ಬೈಲಿ ಬಿಡಿ ಸ್ವಾಮಿ,” ಎಂದಳು ಟೈಪಿಸ್ಟ್, ಕುರ್ಚಿಯಲ್ಲಿ ಕುಳಿತೇ ಸೊಂಟ ಕುಣಿಸುತ್ತ. “ಇಷ್ಟು ಚೆನ್ನಾಗಿ ನನ್ನನ್ನ ಯಾರೂ ಬೈದಿಲ್ಲ.”

ಒಂದು ಗಂಟೆಗೆ ಇಂಜಿನಿಯರ್ ಮೆಟ್ಟಿಲು ಇಳಿದು ಬಂದರು. ತಮ್ಮ ಹೆಂಡತಿಗೇ ಲೈನು ಸಿಗುತ್ತಿಲ್ಲವೆಂದು ಕೂಗಾಡಿದರು. ಹೆದರಿದ ಹಲೋ ಅಕ್ಕ ವೈರು ಕಿತ್ತಳು. ಅಲ್ಲಿಗೆ ಶುರುವಾಯಿತು ನಿಜವಾದ ದೂರು. ಹಾಡು ಎಲ್ಲಿ, ಯಾರು ನಿಲ್ಲಿಸಿದ್ದು, ನಾವು ತೆರಿಗೆ ಕಟ್ಟೋದು ಯಾಕೆ. ರಿಜಿಸ್ಟರಿನಲ್ಲಿ ‘ನೀರಿಲ್ಲ’, ‘ಕೊಳಕು ನೀರು’, ‘ಪೈಪು ಒಡೆದಿದೆ’ ಎಂಬ ಮೂರೇ ಅಂಕಣ. ಹಾಡಿಗೆ ಜಾಗವೇ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಇಂಜಿನಿಯರರೇ ಮೇಲಿನಿಂದ ಕೂಗಿದರು, “ಹಾಕಮ್ಮ ತಾಯಿ, ನನ್ನ ಹೆಂಡ್ತೀನೂ ಅದನ್ನೇ ಕೇಳ್ತಿದ್ದಾಳೆ.”

ಮೂರಕ್ಕೆ ಸಾಹೇಬರು ಬಂದಾಗ ಇವತ್ತಿನ ಪುಟ ಬೆಳ್ಳಗಿತ್ತು. ದಿನಕ್ಕೆ ನೂರೈವತ್ತು ದೂರು ಬರುವ ಪುಟ. ಕೆಲಸವೇ ಮಾಡಿಲ್ಲ ಎನ್ನುತ್ತಾರೆಂದು ಹೆದರುತ್ತಲೇ ಹಲೋ ಅಕ್ಕ ರಿಜಿಸ್ಟರನ್ನು ಅವರ ಮುಂದೆ ಸರಿಸಿದಳು.

“ಒಂದೂ ಇಲ್ವಾ?” ಎಂದರು ಸಾಹೇಬರು.

“ಇಲ್ಲ ಸರ್. ಅದು... ಹಾಡು...”

ಸಾಹೇಬರು ರಿಸೀವರ್ ಕಿವಿಗಿಟ್ಟರು. ಹುಬ್ಬು ಏರಿತು. ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಹಾಡು ಮುಗಿಯುವವರೆಗೂ ರಿಸೀವರ್ ಇಳಿಸಲಿಲ್ಲ.

“ಯಾರ ಐಡಿಯಾ?”

“ನಂದು ಸರ್.”

“ನಾನೂ ಮೊದಲಿಂದ ಪ್ರೋತ್ಸಾಹ ಕೊಟ್ಟೆ ಸರ್,” ಎಂದ ಟಪಾಲು ಗುಮಾಸ್ತ.

“ಮೂವತ್ತು ವರ್ಷ ಸರ್ವಿಸಲ್ಲಿ ಇಂಥ ಪುಟ ನೋಡಿರಲಿಲ್ಲ,” ಎಂದರು ಸಾಹೇಬರು. ಅವರ ಕಣ್ಣಂಚು ಒದ್ದೆಯಾಗಿತ್ತು. “ಆರ್ಡರ್ ಟೈಪ್ ಮಾಡಿ. ಖಾಯಂ.”

ಟೈಪಿಸ್ಟ್ ಹಲೋ ಅಕ್ಕನ ಕೈ ಹಿಸುಕಿ, ಕೀಲಿಗಳ ಮೇಲೆ ಬೆರಳಿಟ್ಟಳು. ಸಾಹೇಬರು ಹೇಳಿ ಬರೆಸತೊಡಗಿದರು.

“ಸದರಿ ಹಾಡನ್ನು ಈ ದಿನದಿಂದ ಖಾಯಂಗೊಳಿಸಲಾಗಿದೆ. ಎಲ್ಲ ಕರೆಗಳೂ ನೇರವಾಗಿ ಹಾಡಿಗೇ ಹೋಗತಕ್ಕದ್ದು. ಬರೆದುಕೊಳ್ಳಲು ದೂರುಗಳಿಲ್ಲದ ಕಾರಣ, ಫೋನ್ ಎತ್ತುವ ಹಂಗಾಮಿ ಹುದ್ದೆಯನ್ನು ರದ್ದುಪಡಿಸಲಾಗಿದೆ.”

ಟೈಪಿಸ್ಟಳ ಬೆರಳು ನಿಂತಿತು. ಸಾಹೇಬರು ಕಾದರು. ಬೆರಳು ಮತ್ತೆ ನಡೆಯಿತು.

“ಸರ್, ನನ್ನ ಮೊಬೈಲು ಅದರೊಳಗೆ...” ಎಂದಳು ಹಲೋ ಅಕ್ಕ.

“ಅದನ್ನ ಬಿಚ್ಚಿದ್ರೆ ಹಾಡು ನಿಲ್ಲುತ್ತಲ್ಲಮ್ಮ.” ಸಾಹೇಬರ ದನಿ ಮಗಳಿಗೆ ಬುದ್ಧಿ ಹೇಳುವವರಷ್ಟು ಮೃದುವಾಗಿತ್ತು. “ನಿಮಗೆ ಏನಾದ್ರೂ ಅಹವಾಲಿದ್ರೆ ದೂರು ವಿಭಾಗಕ್ಕೆ ಫೋನ್ ಮಾಡಿ. ಅದು ಇರೋದೇ ಅದಕ್ಕೆ.”

ಗೇಟಿನ ಬಳಿ ಕಾವಲುಗಾರನ ಮೊಬೈಲು ಇಸಕೊಂಡು ಅವಳು ದೂರು ವಿಭಾಗಕ್ಕೆ ಫೋನ್ ಮಾಡಿಯೇ ಮಾಡಿದಳು. ಬೆಕ್ಕಿನ ಹೆಜ್ಜೆ, ಡೋಲು, ತುತ್ತೂರಿ. ಇದೇ ಮೊದಲ ಸಲ ಅವಳಿಗೂ ಅದು ಅಟ್ಟದಿಂದ ಪಾತ್ರೆ ಬಿದ್ದ ಹಾಗೆ ಕೇಳಿಸಿತು. ಮುಗಿಯಿತು. ಮತ್ತೆ ಶುರುವಾಯಿತು.

“ನೀವೂ ಹಾಡಿಗೇ ಮಾಡಿದ್ರಾ ಅಕ್ಕ?” ಎಂದ ಕಾವಲುಗಾರ.

“ಇಲ್ಲಪ್ಪ. ಒಂದು ದೂರಿದೆ.”

“ಇರಿ ಹಾಗಾದ್ರೆ, ಯಾರಾದ್ರೂ ಎತ್ತುತ್ತಾರೆ.”

ಎತ್ತಬೇಕಾದವಳು ಗೇಟಿನ ಹೊರಗೆ ನಿಂತು, ಕಾಯುತ್ತಿದ್ದಳು.